ಸತ್ತ ತಾತ ಗಡಿಯಾರಕ್ಕೆ ಕೀ ಕೊಟ್ಟದ್ದು

ಮೂವತ್ತೇಳು ಮಕ್ಕಳಲ್ಲಿ ಮೂವತ್ತಾರು ಮಂದಿಗೆ ಇಪ್ಪತ್ತಕ್ಕೆ ಹದಿನೆಂಟೋ ಹತ್ತೊಂಬತ್ತೋ ಬಂದರೆ ಬೇರೆ ಯಾವ ಮೇಷ್ಟ್ರಾದರೂ ಕಾಲರ್ ಸರಿಮಾಡಿಕೊಂಡು ಸ್ಟಾಫ್ ರೂಮಿನಲ್ಲಿ ಎರಡು ಸುತ್ತು ಹೆಚ್ಚಿಗೆ ಓಡಾಡುತ್ತಿದ್ದರು. ಏಳನೇ ತರಗತಿಗೆ ಭಾಷೆ ಕಲಿಸುವ ನಮ್ಮ ಮೇಷ್ಟ್ರು ಮಾತ್ರ ಉತ್ತರಪತ್ರಿಕೆಗಳ ಕಟ್ಟನ್ನು ಬ್ಯಾಗಿಗೆ ತುರುಕಿ, ಜಿಪ್ಪು ಎಳೆದು, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಇದರಲ್ಲೇನೋ ಮಸಲತ್ತಿದೆ ಎಂದು ಕೂತುಬಿಟ್ಟರು.

ಮೇಷ್ಟ್ರು ಎಂಬ ಬಹುವಚನ ಅವನಿಗೆ ಸಿಗುತ್ತಿದ್ದದ್ದು ಶಾಲೆಯ ಗೇಟಿನೊಳಗೆ ಮಾತ್ರ. ವಯಸ್ಸು ಇಪ್ಪತ್ತೇಳು. ಬಸ್ಸಿನ ಕಂಡಕ್ಟರ್ ಇವತ್ತಿಗೂ ‘ಒಳಗೆ ಹೋಗಪ್ಪಾ’ ಎನ್ನುತ್ತಿದ್ದ. ಮನೆಯಲ್ಲಿ ಅಕ್ಕ ‘ಲೋ’ ಎನ್ನುತ್ತಿದ್ದಳು. ಆದ್ದರಿಂದ ಇಲ್ಲೂ ಏಕವಚನವೇ ಇರಲಿ, ಅವನಿಗೂ ಅದೇ ಅಭ್ಯಾಸ.

ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದರೂ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆಗಬೇಕಾದವರು ತಮ್ಮ ತರಗತಿಯಲ್ಲಿ ಒಂದು ಕೊರತೆ ಹುಡುಕಿ, ಅದನ್ನು ಸರಿಪಡಿಸಲು ತಾವೇನು ಮಾಡಿದೆವು, ಅದರಿಂದ ಏನಾಯಿತು ಎಂದು ಒಂದು ವರದಿ ಬರೆದು ಹೆಡ್‌ಮೇಡಂಗೆ ಒಪ್ಪಿಸಬೇಕು. ಇದಕ್ಕೆ ಕ್ರಿಯಾ ಸಂಶೋಧನೆ ಎಂಬ ಭಾರವಾದ ಹೆಸರು. ಅವನ ವರದಿಯ ಹೆಸರು ಇನ್ನೂ ಭಾರ: ‘ಏಳನೇ ತರಗತಿಯ ವಿದ್ಯಾರ್ಥಿಗಳ ಓದಿನ ಗ್ರಹಿಕೆಯನ್ನು ಉತ್ತಮಪಡಿಸುವ ಒಂದು ಪ್ರಯತ್ನ’. ಒಂದು ಗದ್ಯಭಾಗ ಕೊಡುವುದು, ಮಕ್ಕಳು ಓದಿಕೊಂಡು ಕೆಳಗಿನ ಹತ್ತು ಪ್ರಶ್ನೆಗಳಿಗೆ ಉತ್ತರ ಬರೆಯುವುದು. ವರ್ಷದ ಶುರುವಿನಲ್ಲಿ ತರಗತಿಯ ಸರಾಸರಿ ಏಳು ಇತ್ತು. ಈಗ ಹದಿನೆಂಟು. ಗ್ರಾಫ್ ಹಾಳೆಯ ಮೇಲೆ ಗೆರೆ ಗೋಡೆಗೆ ಒರಗಿಸಿದ ಏಣಿಯ ಹಾಗೆ ಮೇಲೇರಿತ್ತು.

ಏಣಿಯ ಬುಡದಲ್ಲಿ ಒಂದೇ ಒಂದು ಚುಕ್ಕೆ ಮಾತ್ರ ಹತ್ತಲಾರದೆ ಕೂತಿತ್ತು. ತರಗತಿಯವರೆಲ್ಲ ಆಮೆ ಎಂದು ಕರೆಯುವ ಹುಡುಗಿ ಅದು. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ಬೆರಳಿಟ್ಟು ಓದುತ್ತ, ಗಂಟೆ ಬಾರಿಸುವಾಗ ಎರಡನೇ ಪ್ರಶ್ನೆಯಲ್ಲಿರುತ್ತಿದ್ದಳು. ಯಾವ ಪರೀಕ್ಷೆಯಲ್ಲೂ ಐದು ಅಂಕ ದಾಟಿದವಳಲ್ಲ. ವರದಿಯ ಕೊನೆಯ ಪುಟದಲ್ಲಿ ಅವಳಿಗೆಂದು ಒಂದು ಸಾಲು ಬರೆದಿಟ್ಟಿದ್ದ: ‘ಈ ವಿದ್ಯಾರ್ಥಿನಿಯನ್ನು ಇದೇ ತರಗತಿಯಲ್ಲಿ ಇನ್ನೊಂದು ವರ್ಷ ಉಳಿಸಿಕೊಳ್ಳುವುದು ಸೂಕ್ತ.’ ವರದಿ ಒಪ್ಪಿಸಲು ಹತ್ತು ದಿನ ಬಾಕಿಯಿತ್ತು.

ಹೀಗೆ ಎಲ್ಲ ಸುಸೂತ್ರವಾಗಿರುವಾಗ ಗುಮಾನಿ ಯಾಕೆ? ಅವನು ಕೈಯಿಟ್ಟ ಯಾವ ಕೆಲಸವೂ ಇಷ್ಟು ಚೆನ್ನಾಗಿ ಆದ ದಾಖಲೆ ಇರಲಿಲ್ಲ. ಅವನು ಹೊಡೆದ ಮೊಳೆಯಿಂದ ಕ್ಯಾಲೆಂಡರ್ ಬೀಳುತ್ತಿತ್ತು. ಅವನು ಹಾಕಿದ ಬೀಗ ತೆಗೆಯಲು ಅಕ್ಕ ಬರಬೇಕಿತ್ತು. ಅಂಥವನ ಪಾಠ ಕೇಳಿ ಮೂವತ್ತಾರು ಮಕ್ಕಳು ಒಟ್ಟಿಗೆ ಜಾಣರಾದರು ಎಂದರೆ ಯಾರು ನಂಬಬೇಕು? ಸಾಲದ್ದಕ್ಕೆ ಉತ್ತರಗಳು ಅಚ್ಚು ಹೊಡೆದ ಹಾಗೆ ಒಂದೇ ಥರ. ಒಬ್ಬ ಅಲ್ಪವಿರಾಮ ಹಾಕಿದಲ್ಲಿ ಎಲ್ಲರೂ ಅಲ್ಪವಿರಾಮ ಹಾಕಿದ್ದರು. ಪ್ರಶ್ನೆಪತ್ರಿಕೆ ಎಲ್ಲಿಂದಲೋ ಸೋರುತ್ತಿದೆ ಎಂಬ ಹುಳ ತಲೆಗೆ ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ.

ಮೊದಲ ಅನುಮಾನ ಅಟೆಂಡರ್ ಮೇಲೆ. ಮೆಟ್ಟಿಲ ಕೆಳಗಿನ ಗೂಡಿನಂಥ ಕೋಣೆಯಲ್ಲಿ ಜೆರಾಕ್ಸ್ ಮೆಷಿನ್ ಇತ್ತು. ಇಡೀ ಶಾಲೆಯ ಪ್ರಶ್ನೆಪತ್ರಿಕೆಗಳ ಪ್ರತಿ ತೆಗೆದು ಪಿನ್ ಹೊಡೆಯುವವನು ಅವನೇ. ಮೇಷ್ಟ್ರು ಬಾಗಿಲಿಗೆ ಒರಗಿ ನಿಂತು, ಲೋಕಾಭಿರಾಮದ ಧ್ವನಿ ತಂದುಕೊಂಡ.

“ಏನಣ್ಣಾ, ಈ ಹಾಳಾದ ಪ್ರತಿಗಳು ಬರ್ತಾವಲ್ಲ, ಮಸಿ ಮೆತ್ತಿಕೊಂಡಿದ್ದು, ಅದನ್ನೆಲ್ಲ ಏನ್ ಮಾಡ್ತೀರಾ?”

“ಮಡಚಿ ಮೆಷಿನ್ ಕಾಲಿನ ಕೆಳಗಿಡ್ತೀನಿ ಸಾರ್. ಇಲ್ಲಾಂದ್ರೆ ಕುಣಿಯುತ್ತೆ.”

ಮೇಷ್ಟ್ರು ಮಂಡಿಯೂರಿ ನೋಡಿದ. ನಿಜವಾಗಿಯೂ ಇತ್ತು. ಎಳೆದು ಬಿಡಿಸಿದರೆ ಮೂರು ವರ್ಷ ಹಿಂದಿನ ಗಣಿತದ ಪ್ರಶ್ನೆಪತ್ರಿಕೆ. ಮೆಷಿನ್ ಗಡಗಡ ಅಲುಗತೊಡಗಿತು. ಮತ್ತೆ ಮಡಚಿ ಇಟ್ಟ.

“ಮಕ್ಕಳು ಯಾರಾದ್ರೂ ಈ ಕಡೆ ಬರ್ತಾರಾ?”

“ಬರ್ತಾರೆ, ಚಾಕ್‌ಪೀಸ್ ಕೇಳ್ಕೊಂಡು.”

“ಬರೀ ಚಾಕ್‌ಪೀಸಾ?”

ಅಟೆಂಡರ್ ಸ್ಟೇಪ್ಲರ್ ಕೆಳಗಿಟ್ಟ. “ಸಾರ್, ಸುತ್ತಿ ಬಳಸಿ ಯಾಕೆ? ಪೇಪರ್ ಹೊರಗೆ ಕೊಟ್ಯಾ ಅಂತ ತಾನೇ? ಇಪ್ಪತ್ತೆರಡು ವರ್ಷ ಆಯ್ತು ನಾನಿಲ್ಲಿ. ಗಣಿತದ ಪೇಪರ್ ಇಲ್ಲೇ ಬಿದ್ದಿರುವಾಗ ಅದನ್ನ ಬಿಟ್ಟು ನಿಮ್ಮ ಪೇಪರ್ ಕದಿಯೋಕೆ ಯಾರಿಗೆ ತಲೆ ಕೆಟ್ಟಿದೆ?”

ಅವಮಾನವೇನೋ ಆಯಿತು, ಆದರೆ ಮಾತಿನಲ್ಲಿ ತಪ್ಪು ಹುಡುಕಲಾಗಲಿಲ್ಲ. ಹಾಗೆಂದು ಅನುಮಾನವನ್ನು ಕೈಬಿಡುವ ಜಾಯಮಾನ ಅವನದ್ದಲ್ಲ. ಮುಂದಿನ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಯಾರ ಕೈಗೂ ಕೊಡುವುದಿಲ್ಲ ಎಂದು ತೀರ್ಮಾನಿಸಿದ.

ಆ ವಾರ ಮನೆಯಲ್ಲೇ ಕೂತು ಹೊಸದೊಂದು ಕತೆ ಬರೆದ. ಎರಡು ಪುಟದ ಕತೆ. ಬೀದಿಯ ಮೂಲೆಯ ದೊಡ್ಡ ಗಡಿಯಾರಕ್ಕೆ ದಿನಾ ಬೆಳಿಗ್ಗೆ ಏಣಿ ಹತ್ತಿ ಕೀ ಕೊಡುವ ಒಬ್ಬ ತಾತ. ಮೊದಲ ಪುಟದಲ್ಲಿ ತಾತ ಕೀ ಕೊಡುತ್ತಾರೆ, ನಾಳೆಯೂ ಬರುತ್ತೇನೆಂದು ಏಣಿ ಇಳಿಯುತ್ತಾರೆ. ಎರಡನೇ ಪುಟದಲ್ಲಿ ತಾತ ತೀರಿಕೊಳ್ಳುತ್ತಾರೆ, ಗಡಿಯಾರ ನಿಲ್ಲುತ್ತದೆ, ಬೀದಿಯವರೆಲ್ಲ ಹೊತ್ತು ಮೀರಿ ಮಲಗುತ್ತಾರೆ, ಕೊನೆಗೆ ಮೊಮ್ಮಗಳು ಏಣಿ ಹತ್ತುತ್ತಾಳೆ. ಬರೆದು ಮುಗಿಸಿದಾಗ ಅವನಿಗೇ ಕಣ್ಣು ತೇವವಾಯಿತು. ತಕ್ಷಣ ಹಾಳೆಗಳನ್ನು ಬೀರುವಿನಲ್ಲಿ ಬನಿಯನ್ನುಗಳ ಅಡಿಗೆ ಸೇರಿಸಿದ.

“ಅಕ್ಕಾ, ನನ್ನ ಬೀರು ತೆಗೀಬೇಡ.”

ಅಕ್ಕ ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು, ಆಗ ತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. “ಯಾಕೋ, ಬೀರಲ್ಲಿ ಯಾರನ್ನ ಬಚ್ಚಿಟ್ಟಿದೀಯಾ?”

“ಪ್ರಶ್ನೆಪತ್ರಿಕೆ.”

“ಅಯ್ಯೋ, ನಾನು ಇಡೀ ದಿನ ಅದನ್ನೇ ಕದೀಬೇಕು ಅಂತ ಒದ್ದಾಡ್ತಿದ್ದೆ ನೋಡು. ಎಂಟನೇ ವಯಸ್ಸಲ್ಲಿ ನಿನ್ನ ಪೆನ್ಸಿಲ್ ಕಳೆದಾಗ ಇಡೀ ಮನೆಯವರ ಜೇಬು ತಡಕಿದ್ದೆ, ನೆನಪಿದೆಯಾ? ಪೆನ್ಸಿಲ್ ನಿನ್ನ ಕಿವಿ ಮೇಲಿತ್ತು. ಪತ್ತೇದಾರ!”

ಪರೀಕ್ಷೆಯ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ, ಗೂಡಿನ ಬಾಗಿಲು ಒಳಗಿನಿಂದ ಹಾಕಿಕೊಂಡು, ಮೂವತ್ತೇಳು ಪ್ರತಿಗಳನ್ನು ತಾನೇ ತೆಗೆದ. ತಾನೇ ಜೋಡಿಸಿದ. ತಾನೇ ಪಿನ್ ಹೊಡೆದ. ಎರಡು ಪಿನ್ ಬೆರಳಿಗೂ ಹೊಡೆದುಕೊಂಡ. ಅಟೆಂಡರ್ ಹೊರಗಿನಿಂದ ಬಾಗಿಲು ಬಡಿದು, “ಸಾರ್, ಪುಟದ ನಂಬರ್ ಹಾಕಿದೀರಾ?” ಎಂದು ಕೇಳಿದಾಗ, ಇವನಿಗೆ ಯಾಕೆ ಪುಟದ ಉಸಾಬರಿ ಎಂದು ಗುಮಾನಿ ಇನ್ನಷ್ಟು ಗಟ್ಟಿಯಾಯಿತು. ಒಳಗಿನ ಚಿಲಕವನ್ನು ಇನ್ನೊಮ್ಮೆ ಎಳೆದು ನೋಡಿದ.

ತರಗತಿಯಲ್ಲಿ ಪತ್ರಿಕೆ ಹಂಚುವ ಮೊದಲು ಬೆರಳಿನ ಬ್ಯಾಂಡೇಜ್ ಎತ್ತಿ ಹಿಡಿದು ಒಂದು ಸಣ್ಣ ಭಾಷಣವನ್ನೂ ಬಿಗಿದ. “ಇದನ್ನ ಬರೆದಿದ್ದು ನಾನು, ಜೋಡಿಸಿದ್ದು ನಾನು. ಇದರಲ್ಲಿರೋ ಒಂದು ಚುಕ್ಕೆಯೂ ಸುಮ್ಮನೆ ಬಂದಿಲ್ಲ. ಅರ್ಥ ಆಯ್ತಲ್ಲ?” ಕಳ್ಳರಿಗೆ ತಿಳಿಯಲಿ ಎಂದು ಹೇಳಿದ್ದು.

ಕಳ್ಳರು ತಲೆಯಾಡಿಸಿ, ಪೆನ್ಸಿಲ್ ತೆಗೆದು, ಬರೆಯತೊಡಗಿದರು. ಇಪ್ಪತ್ತು ನಿಮಿಷಕ್ಕೆಲ್ಲ ಮುಗಿಸಿ ಕೈಕಟ್ಟಿ ಕೂತರು.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಉತ್ತರಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ತಿದ್ದಿದ. ಹದಿನೆಂಟು. ಹತ್ತೊಂಬತ್ತು. ಹದಿನೆಂಟು. ಇಪ್ಪತ್ತು. ಮತ್ತೆ ಅದೇ ಅಲ್ಪವಿರಾಮ! ಬನಿಯನ್ನಿನ ಅಡಿಯಲ್ಲಿದ್ದ ಕತೆ ಇವರಿಗೆ ಹೇಗೆ ಸಿಕ್ಕಿತು? ಒಂದು ಕ್ಷಣ ಅಕ್ಕನ ಮೇಲೂ ಅನುಮಾನ ಹೋಗಿ ಬಂತು ಎಂದರೆ ಅವನ ಸ್ಥಿತಿಯನ್ನು ಊಹಿಸಬಹುದು.

ಮೂವತ್ತೇಳನೆಯದು ಆಮೆಯದು. ಮೂರು ಅಂಕ. ಎರಡೇ ಪ್ರಶ್ನೆಗೆ ಉತ್ತರವಿತ್ತು, ಒಂದು ಅರ್ಧಂಬರ್ಧ. ಉಳಿದ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ತಾತ ಎರಡನೇ ಸಲ ಹೇಗೆ ಬದುಕಿದರು?’

ಮೇಷ್ಟ್ರು ಕುರ್ಚಿಯ ತುದಿಗೆ ಬಂದ. ಸಿಕ್ಕಿತು ಎಂದುಕೊಂಡ. ಎಲ್ಲರೂ ಕದಿಯುವಾಗ ಕದಿಯದೆ ಉಳಿದವಳಿಗೆ ಕದ್ದವರು ಯಾರೆಂದು ಗೊತ್ತಿರಲೇಬೇಕು. ಬಾಯಿಬಿಟ್ಟು ಹೇಳಲಾರದೆ ಹೀಗೆ ಸುಳಿವು ಕೊಟ್ಟಿದ್ದಾಳೆ. ತಾತ ಎಂದರೆ ಯಾರು? ಶಾಲೆಯಲ್ಲಿ ತಾತನಾಗುವ ವಯಸ್ಸಿನವನು ಅಟೆಂಡರ್ ಒಬ್ಬನೇ!

ಕೊನೆಯ ಗಂಟೆಯಾದ ಮೇಲೆ ಅವಳನ್ನು ಖಾಲಿ ತರಗತಿಯಲ್ಲಿ ಕೂರಿಸಿ, ಎದುರಿನ ಬೆಂಚಿನಲ್ಲಿ ತಾನೂ ಕೂತ. ಬೆಂಚು ಚಿಕ್ಕದು, ಮಂಡಿ ಗದ್ದಕ್ಕೆ ತಾಗುತ್ತಿತ್ತು.

“ಹೆದರಬೇಡಮ್ಮ. ನಿಜ ಹೇಳು. ಇದನ್ನ ಯಾಕೆ ಬರೆದೆ?”

“ಅರ್ಥ ಆಗ್ಲಿಲ್ಲ ಸರ್, ಅದಕ್ಕೆ.”

“ಏನು ಅರ್ಥ ಆಗ್ಲಿಲ್ಲ?”

“ಮೊದಲನೇ ಪುಟದಲ್ಲಿ ತಾತ ಸತ್ತುಹೋದ್ರು. ಎರಡನೇ ಪುಟದಲ್ಲಿ ಗಡಿಯಾರಕ್ಕೆ ಕೀ ಕೊಡ್ತಿದಾರೆ. ನಾಳೆಯೂ ಬರ್ತೀನಿ ಅಂತಾನೂ ಹೇಳ್ತಾರೆ.” ಪುಟ ತಿರುಗಿಸಿ ಬೆರಳಿಟ್ಟು, “ಕತೆ ಹೆಸರೂ ಎರಡನೇ ಪುಟದಲ್ಲೇ ಇದೆ ಸರ್” ಎಂದಳು.

ಮೇಷ್ಟ್ರು ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡ. ಮೇಲಿನ ಪುಟ ನೋಡಿದ. ತಿರುಗಿಸಿದ. ಮತ್ತೆ ಮೇಲಿನ ಪುಟ ನೋಡಿದ. ಬ್ಯಾಗಿನಿಂದ ಇನ್ನೊಂದು ಪ್ರತಿ ತೆಗೆದ, ಮತ್ತೊಂದು ತೆಗೆದ. ಮೂವತ್ತೇಳೂ ಹಾಗೇ ಇದ್ದವು. ಎರಡನೇ ಪುಟ ಮೇಲೆ, ಮೊದಲನೇ ಪುಟ ಕೆಳಗೆ. ತನ್ನದೇ ಕೈ, ತನ್ನದೇ ಪಿನ್. ತಿದ್ದುವಾಗಲೂ ಕಣ್ಣು ಉತ್ತರದ ಪಟ್ಟಿಯ ಮೇಲಿತ್ತೇ ಹೊರತು ಕತೆಯ ಮೇಲಲ್ಲ.

“ಪುಟ ಹಿಂದುಮುಂದು ಆಗಿದೆ ಅಂತ ನಿನಗೆ ಅನ್ನಿಸಲಿಲ್ವಾ?”

“ಅನ್ನಿಸ್ತು ಸರ್. ಆದ್ರೆ ನೀವೇ ಹೇಳಿದ್ರಲ್ಲ, ಒಂದು ಚುಕ್ಕೆಯೂ ಸುಮ್ಮನೆ ಬಂದಿಲ್ಲ ಅಂತ. ಬೇಕಂತಲೇ ಇಟ್ಟಿದೀರಾ, ಏನೋ ಇರಬೇಕು ಅಂತ ಮೂರು ಸಲ ಓದಿದೆ. ಅಷ್ಟರಲ್ಲಿ ಗಂಟೆ ಹೊಡೀತು.”

ಕಿಟಕಿಯ ಆಚೆ ಯಾರೋ ನಲ್ಲಿ ನಿಲ್ಲಿಸದೆ ಹೋಗಿದ್ದರು, ನೀರು ಸುರಿಯುವ ಸದ್ದು ಬರುತ್ತಿತ್ತು. ಮೇಷ್ಟ್ರು ಪ್ರತಿಗಳನ್ನು ಒಂದರ ಮೇಲೊಂದು ಜೋಡಿಸಿ ಬ್ಯಾಗಿಗೆ ಹಾಕಿದ.

“ಹಾಗಾದ್ರೆ ಉಳಿದವರು ಹೇಗೆ ಬರೆದ್ರು? ಅವರಿಗೆ ಇದು ಗೊತ್ತಾಗ್ಲಿಲ್ವಾ?”

“ಅವರು ಓದಲ್ಲ ಸರ್. ಹುಡುಕ್ತಾರೆ.”

“ಅಂದ್ರೆ?”

“ಮೊದಲು ಪ್ರಶ್ನೆ ನೋಡ್ತಾರೆ. ಅದರಲ್ಲಿರೋ ಪದ ಕತೇಲಿ ಎಲ್ಲಿದೆ ಅಂತ ಹುಡುಕಿ ಅಡಿಗೆರೆ ಹಾಕ್ತಾರೆ. ಆ ಸಾಲು ಪೂರ್ತಿ ಇಳಿಸ್ತಾರೆ, ಅಷ್ಟೇ. ಕತೆ ಓದಿದ್ರೆ ಟೈಮ್ ವೇಸ್ಟ್.”

ಹಾಗೆ! ಅಲ್ಪವಿರಾಮದ ರಹಸ್ಯ ಅದು. ಅಲ್ಪವಿರಾಮ ಅವನದ್ದೇ. ಕತೆಯಿಂದ ಸಾಲಿನ ಜೊತೆಗೇ ಇಳಿದು ಬಂದಿತ್ತು. ಕೊನೆಗೂ ಅಪರಾಧದ ವಿಧಾನ ಸಿಕ್ಕಿತು, ಇನ್ನು ಅಪರಾಧಿ. ಮೇಷ್ಟ್ರು ಬೆಂಚಿನಲ್ಲಿ ಮುಂದಕ್ಕೆ ಬಾಗಿದ.

“ಇದನ್ನ ಅವರಿಗೆ ಯಾರು ಹೇಳಿಕೊಟ್ರು?”

ಹುಡುಗಿ ಅವನ ಮುಖ ನೋಡಿದಳು. ಪರೀಕ್ಷೆ ಮಾಡುತ್ತಿದ್ದಾರೇನೋ ಎಂಬ ಅನುಮಾನ ಈಗ ಅವಳ ಕಣ್ಣಿನಲ್ಲಿತ್ತು.

“ನೀವೇ ಸರ್. ಸ್ಕೂಲ್ ಶುರುವಾದ ಮೊದಲನೇ ವಾರ, ಬೋರ್ಡ್ ಮೇಲೆ ಮೂರು ಹೆಜ್ಜೆ ಅಂತ ಬರೆದಿದ್ರಂತೆ. ಹುಡುಕು, ಗೆರೆ ಎಳೆ, ಇಳಿಸು. ಎಲ್ಲರ ನೋಟ್‌ಬುಕ್ಕಲ್ಲೂ ಇದೆ.”

ನೆನಪಾಯಿತು. ಸರಾಸರಿ ಏಳು ಬಂದ ದಿನ ಬೇಗ ಅಂಕ ಮೇಲೆತ್ತಲು ತಾನೇ ಹೊಳೆಸಿಕೊಂಡ ಉಪಾಯ. ಕೆಂಪು ಚಾಕ್‌ಪೀಸಿನಲ್ಲಿ ಬರೆದು, ಕೆಳಗೆ ಗೆರೆಯನ್ನೂ ಎಳೆದಿದ್ದ. ವರದಿಯ ಎರಡನೇ ಪುಟದಲ್ಲಿ ಅದನ್ನು ‘ನೂತನ ಕಾರ್ಯತಂತ್ರ’ ಎಂದು ಕರೆದುಕೊಂಡಿದ್ದ.

“ಮತ್ತೆ ನೀನು ಯಾಕೆ ಹಾಗೆ ಮಾಡಲ್ಲ?”

“ಆ ವಾರ ನನಗೆ ಜ್ವರ ಸರ್. ಬಂದಿರಲಿಲ್ಲ.”

ಮರುದಿನ ಅವನು ಕೊನೆಯದೊಂದು ಆಸೆಯಿಂದ ತರಗತಿಯಲ್ಲಿ ಪರೀಕ್ಷಿಸಿದ. ಇಪ್ಪತ್ತಕ್ಕೆ ಇಪ್ಪತ್ತು ತೆಗೆದ ಮೊದಲ ಬೆಂಚಿನ ಹುಡುಗಿಯನ್ನು ಎಬ್ಬಿಸಿ, “ತಾತನ ಕತೆ ಹೇಳಮ್ಮ” ಎಂದ.

“‘ಗಡಿಯಾರ ನಿಂತ ದಿನ, ಬೀದಿಯವರೆಲ್ಲ ಹೊತ್ತು ಮೀರಿ ಮಲಗಿದರು’ ಸರ್.”

“ಅದು ಒಂದು ಸಾಲು. ಕತೆ ಹೇಳು, ನಿನ್ನ ಮಾತಲ್ಲಿ.”

“ಯಾವ ಪ್ರಶ್ನೆ ಸರ್?”

“ಪ್ರಶ್ನೆ ಇಲ್ಲ.”

“ಪ್ರಶ್ನೆ ಇಲ್ದೇ ಹೇಗೆ ಸರ್ ಉತ್ತರ ಹೇಳೋದು?” ಹುಡುಗಿ ಅಳುವುದೊಂದು ಬಾಕಿ. ಕೂರಿಸಿದ.

ಸಂಜೆ ಅಕ್ಕನ ಮುಂದೆ ಎಲ್ಲ ಒಪ್ಪಿಸಿದ. ಅವಳು ನಗುತ್ತಾಳೆಂದು ಕಾದ. ನಕ್ಕಳು, ಆದರೆ ಸ್ವಲ್ಪವೇ.

“ನಮ್ಮ ಅಂಗಡೀಲೂ ಹಾಗೇ ಕಣೋ. ‘ಅರ್ಥ ಆಯ್ತಾ’ ಅಂದ್ರೆ ಎಲ್ಲರೂ ಆಯ್ತು ಅಂತಾರೆ. ಅದಕ್ಕೇ ನಾನು ಕೇಳೋದು, ‘ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಾ, ನೀವೇ ಹೇಳಿ’ ಅಂತ. ಮೊನ್ನೆ ಒಬ್ಬರು ಕಿವಿಗೆ ಹಾಕೋ ಡ್ರಾಪ್ಸ್ ಕುಡೀತೀನಿ ಅಂದ್ರು.”

“ವರದಿ ಏನ್ ಮಾಡ್ಲಿ?”

“ಏನಿದೆ ಅದರಲ್ಲಿ?”

“ಗ್ರಾಫ್ ಇದೆ, ಚೆನ್ನಾಗಿದೆ. ಕೊಟ್ರೆ ಖಾಯಂ ಆಗ್ತೀನಿ. ಯಾರಿಗೂ ಗೊತ್ತಾಗಲ್ಲ.”

“ಆ ಹುಡುಗಿ?”

ಅವನು ತಟ್ಟೆಯಲ್ಲಿ ಉಳಿದ ಅನ್ನವನ್ನು ಒಂದು ಬದಿಗೆ ಸರಿಸಿದ.

“ಅವಳು ಇನ್ನೊಂದು ವರ್ಷ ಅಲ್ಲೇ ಕೂತಿರ್ತಾಳೆ. ಈ ಸಲ ಜ್ವರ ಬರದೇ ಇದ್ರೆ ಅವಳಿಗೂ ಮೂರು ಹೆಜ್ಜೆ ಕಲಿಸಿಬಿಡ್ತೀಯಾ, ಅಲ್ವಾ?” ಎಂದು ಅಕ್ಕ ತಟ್ಟೆ ತೊಳೆಯಲು ಎದ್ದಳು.

ಮೂರು ದಿನ ಕೂತು ವರದಿಯನ್ನು ಮತ್ತೆ ಬರೆದ. ಗ್ರಾಫ್ ತೆಗೆದ. ತೆಗೆದದ್ದನ್ನು ಎರಡು ಸಲ ವಾಪಸ್ ಸೇರಿಸಿ ಮತ್ತೆ ತೆಗೆದ. ಹಿಂದುಮುಂದಾದ ಪುಟಗಳ ಸಂಗತಿ, ಮೂರು ಹೆಜ್ಜೆಯ ಸಂಗತಿ, ಆಮೆಯ ಪ್ರಶ್ನೆ ಎಲ್ಲವನ್ನೂ ಸೇರಿಸಿದ. ಕೊನೆಯ ಪುಟದಲ್ಲಿ ಅವಳನ್ನು ಉಳಿಸಿಕೊಳ್ಳಬೇಕೆಂಬ ಸಾಲು ಅಳಿಸಿ, ‘ಮೂವತ್ತೇಳು ಮಂದಿಯಲ್ಲಿ ಓದಿದವಳು ಈಕೆ ಒಬ್ಬಳೇ’ ಎಂದು ಬರೆದ.

ಹೆಡ್‌ಮೇಡಂ ಕನ್ನಡಕವನ್ನು ಸರಪಳಿಯಲ್ಲಿ ಕೊರಳಿಗೆ ತೂಗುಹಾಕಿಕೊಂಡವರು. ಮೇಜಿನ ಮೇಲೆ ಇನ್ನೂ ಆರು ವರದಿಗಳಿದ್ದವು. ಕನ್ನಡಕವನ್ನು ಮೂಗಿಗೇರಿಸಿ ಅವನ ವರದಿಯ ಪುಟಗಳನ್ನು ಸರಸರ ಮಗುಚಿದರು. ಬೆರಳು ಸಾಲುಗಳ ಮೇಲೆ ಜಾರಿತು, ಎಲ್ಲೋ ನಿಂತಿತು, ಮತ್ತೆ ಜಾರಿತು. ಆ ಬೆರಳನ್ನು ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತು. ಅವರೂ ಹುಡುಕುತ್ತಿದ್ದರು!

“ಶುರುವಿನ ಸರಾಸರಿ ಏಳು... ಈಗ ಹದಿನೆಂಟು. ಒಳ್ಳೇದು. ಗ್ರಾಫ್ ಎಲ್ಲಿ? ಹೋಗ್ಲಿ, ಆಮೇಲೆ ಅಂಟಿಸಿ.” ಹಸಿರು ಇಂಕಿನ ಪೆನ್ನಿನ ಮುಚ್ಚಳ ತೆಗೆದರು. ‘ಖಾಯಮಾತಿಗೆ ಶಿಫಾರಸು ಮಾಡಲಾಗಿದೆ’ ಎಂದು ಮೊದಲೇ ಅಚ್ಚಾಗಿದ್ದ ಜಾಗಕ್ಕೆ ಪೆನ್ನು ಇಳಿಯಿತು.

ಒಂದು ಸಹಿ. ಸುಮ್ಮನೆ ನಿಂತರಾಯಿತು. ಸತ್ಯವನ್ನು ಬರೆದದ್ದೂ ಆಯಿತು, ಓದದೇ ಇದ್ದದ್ದು ಅವರ ತಪ್ಪು, ಅಲ್ಲವೇ? ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೆ ಅದರ ಮೇಲೇ ಗುಮಾನಿ ಹುಟ್ಟಿತು. ಇಷ್ಟು ಅಚ್ಚುಕಟ್ಟಾದದ್ದು ತನ್ನ ಜೀವನದಲ್ಲಿ ನಿಜವಾಗಿರಲು ಸಾಧ್ಯವೇ ಇಲ್ಲ.

“ಮೇಡಂ, ಸಹಿ ಮಾಡೋಕೆ ಮುಂಚೆ... ನಾಲ್ಕನೇ ಪುಟ ಓದ್ತೀರಾ?”

“ನೋಡಿದೆನಲ್ಲ.”

“ನೋಡಿದ್ರಿ ಮೇಡಂ.”

ಹೆಡ್‌ಮೇಡಂ ಕನ್ನಡಕದ ಮೇಲಿನಿಂದ ಅವನನ್ನು ಒಂದು ಗಳಿಗೆ ದಿಟ್ಟಿಸಿ, ಪೆನ್ನು ಕೆಳಗಿಟ್ಟು, ನಾಲ್ಕನೇ ಪುಟಕ್ಕೆ ಹೋದರು. ಅಲ್ಲಿಂದ ಮೂರಕ್ಕೆ ಬಂದರು, ಎರಡಕ್ಕೆ ಬಂದರು, ಕೊನೆಗೆ ಮೊದಲಿನಿಂದ ಶುರು ಮಾಡಿದರು. ಮೇಷ್ಟ್ರು ನಿಂತೇ ಇದ್ದ. ಕೂರಲು ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ತಲೆಯೆತ್ತಿದರು. “ಇಲ್ಲಿ ‘ಮೂರು ಹೆಜ್ಜೆಗಳ ವಿಧಾನವನ್ನು ಹೇಳಿಕೊಡಲಾಗಿತ್ತು’ ಅಂತಿದೆ. ಯಾರು ಹೇಳಿಕೊಟ್ಟಿದ್ದು?”

ಮೂರು ದಿನ ಬರೆದ ವರದಿಯಲ್ಲಿ ಅವನು ಅಡಗಿಕೊಳ್ಳಲು ಬಿಟ್ಟುಕೊಂಡಿದ್ದ ಮೂಲೆ ಅದೊಂದೇ. ಹೋಗಿ ಅಲ್ಲಿಗೇ ಕೈ ಹಾಕಿದರು.

“ನಾನೇ ಮೇಡಂ.”

“ಹಾಗಂತಲೇ ಬರೀರಿ.” ಪೆನ್ನು ಅವನ ಕಡೆ ಚಾಚಿದರು. ಅವನು ಬಗ್ಗಿ, ಹಸಿರು ಇಂಕಿನಲ್ಲಿ, ‘ನಾನು ಹೇಳಿಕೊಟ್ಟಿದ್ದೆ’ ಎಂದು ತಿದ್ದಿದ.

“ಖಾಯಂ ಈ ವರ್ಷ ಆಗಲ್ಲ,” ಎಂದರು ಹೆಡ್‌ಮೇಡಂ. “ಮಕ್ಕಳು ಓದೋದು ಸುಧಾರಿಸಿಲ್ಲ ಅಂತ ನೀವೇ ಬರ್ಕೊಂಡಿದೀರಾ. ಇದಕ್ಕೆ ಹೇಗೆ ಸಹಿ ಮಾಡ್ಲಿ?”

“ಆ ಹುಡುಗಿ, ಮೇಡಂ?”

“ಅವಳು ಎಂಟನೇ ಕ್ಲಾಸಿಗೆ ಹೋಗ್ತಾಳೆ. ಏಳರಲ್ಲಿ ಇನ್ನೊಂದು ವರ್ಷ ಕೂರಬೇಕಾದವರು ಬೇರೆ ಸಿಕ್ಕಿದ್ರಲ್ಲ.”

ಹೊರಗೆ ಬಂದಾಗ ಮೆಟ್ಟಿಲ ಕೆಳಗೆ ಅಟೆಂಡರ್ ಸಿಕ್ಕಿದ. ಮುಖ ನೋಡಿಯೇ ಅವನಿಗೆ ಅರ್ಧ ತಿಳಿದಿತ್ತು. “ಮುಂದಿನ ಪೇಪರ್ ನಾನು ಪಿನ್ ಹೊಡೀಲಾ ಸಾರ್, ಇಲ್ಲಾ ನೀವೇ ಬಾಗಿಲು ಹಾಕ್ಕೋತೀರಾ?” ಎಂದ. ಮೇಷ್ಟ್ರು ಹಾಳೆಗಳನ್ನು ಅವನ ಕೈಗೆ ಕೊಟ್ಟ. ಎರಡು ಪುಟಕ್ಕೂ ನಂಬರ್ ಹಾಕಿದ್ದ, ದೊಡ್ಡದಾಗಿ.

ಆ ಪರೀಕ್ಷೆಯಲ್ಲಿ ಪ್ರಶ್ನೆ ಒಂದೇ ಇತ್ತು: ಓದಿದ್ದನ್ನು ನಿನ್ನ ಮಾತಿನಲ್ಲಿ ಹೇಳು, ಅರ್ಥವಾಗದ್ದನ್ನು ಕೇಳು. ಹಂಚಿದ ಮೇಲೆ ಹತ್ತು ನಿಮಿಷವಾದರೂ ಒಬ್ಬರೂ ಬರೆಯಲಿಲ್ಲ. ತಾತನ ಪುಟಗಳ ಕತೆ ಅಷ್ಟರಲ್ಲಿ ಇಡೀ ಶಾಲೆಗೆ ಹಬ್ಬಿತ್ತು. ಮೊದಲ ಬೆಂಚಿನ ಹುಡುಗಿ ಕೊನೆಯ ಸಾಲಿನವರೆಗೆ ಹೋಗಿ, ಮತ್ತೆ ಮೇಲಿನಿಂದ ಶುರು ಮಾಡಿದಳು. ಹಿಂದಿನ ಬೆಂಚಿನವನು ಪುಟವನ್ನು ಬೆಳಕಿಗೆ ಹಿಡಿದು ನೋಡಿದ. ಕೊನೆಗೆ ಕಿಟಕಿಯ ಪಕ್ಕದಿಂದ ಕೈ ಮೇಲೆದ್ದಿತು.

“ಸರ್, ಇದರಲ್ಲೂ ಏನಾದ್ರೂ ತಪ್ಪಿದೆಯಾ?” ಎಂದಳು ಆಮೆ.

“ನೀನೇ ಓದಿ ನೋಡು,” ಎಂದ ಮೇಷ್ಟ್ರು.

ಮೂವತ್ತೇಳು ಜೋಡಿ ಕಣ್ಣು ಒಟ್ಟಿಗೆ ಅವನನ್ನು ದಿಟ್ಟಿಸಿದವು. ಇವರನ್ನು ಎಳ್ಳಷ್ಟೂ ನಂಬುವ ಹಾಗಿಲ್ಲ ಎನ್ನುವ ನೋಟ. ಆಮೇಲೆ ಎಲ್ಲ ತಲೆಗಳೂ ಹಾಳೆಯ ಮೇಲೆ ಬಾಗಿದವು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ನಿಧಾನವಾಗಿ.